ಹಾಲುಕ್ಕಿದಂತೆ ಏರಿದ ಗೆರೆ

ನಾನು ಕೊಲ್ಹಾಪುರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಮನೆ ಇಚಲಕರಂಜಿಯಲ್ಲಿ. ಬೆಳಿಗ್ಗೆ ಬಸ್ಸು ಹತ್ತಿದರೆ ಮರಾಠಿ, ಸಂಜೆ ಮನೆಯೊಳಗೆ ಕಾಲಿಟ್ಟರೆ ಕನ್ನಡ. ಮನೆಯ ಕೆಳಗಿನ ಅಂತಸ್ತಿನಲ್ಲಿ ನನ್ನ ಗಂಡನ ಪಾವರ್‌ಲೂಮ್‌ಗಳು ಓಡುತ್ತವೆ, ಮೇಲೆ ನಾವಿರುತ್ತೇವೆ. ಮದುವೆಯಾಗಿ ಬಂದ ಹೊಸತರಲ್ಲಿ ಆ ಸದ್ದಿಗೆ ನಿದ್ದೆ ಬರುತ್ತಿರಲಿಲ್ಲ. ಈಗ ಕರೆಂಟು ಹೋಗಿ ಸದ್ದು ನಿಂತರೆ ಎಚ್ಚರವಾಗುತ್ತದೆ.

ಒಂದು ಚಳಿಗಾಲದಲ್ಲಿ ನಮ್ಮ ಕಾಲೇಜಿಗೆ ಖಗೋಳ ವಿಜ್ಞಾನಿಯೊಬ್ಬರು ಉಪನ್ಯಾಸ ಕೊಡಲು ಬಂದರು. ವಿಷಯ, ಆಕಾಶದಲ್ಲಿ ಇದ್ದಕ್ಕಿದ್ದಂತೆ ಆಗುವ ಗಾಮಾ ಕಿರಣಗಳ ಸ್ಫೋಟ. ಎಲ್ಲೋ ಒಂದು ದೈತ್ಯ ನಕ್ಷತ್ರ ಸಾಯುತ್ತದೆ. ಸಾಯುವಾಗ ಅದು ಬಿಡುವ ಕಿರಣ ಕೋಟ್ಯಂತರ ವರ್ಷ ನಡೆದು ಬಂದು, ನಮ್ಮನ್ನು ತಾಕಿ, ಕೆಲವೇ ಸೆಕೆಂಡುಗಳಲ್ಲಿ ಮುಗಿದುಹೋಗುತ್ತದೆ. ಯಾವ ದಿಕ್ಕಿನಿಂದ, ಯಾವಾಗ ಬರುತ್ತದೆ ಎಂದು ಯಾರೂ ಹೇಳಲಾರರು. ಗಾಳಿಯ ಪದರ ಅದನ್ನು ನೆಲಕ್ಕೆ ಇಳಿಯಗೊಡುವುದಿಲ್ಲ, ಹಾಗಾಗಿ ಉಪಗ್ರಹಗಳೇ ಕಾಯುತ್ತಿರಬೇಕು. ಆದರೆ ಸ್ಫೋಟ ತೀರ ಜೋರಾಗಿದ್ದರೆ ಮೇಲಿನ ಗಾಳಿಯೇ ಕದಡುತ್ತದೆ, ಆ ಪದರಕ್ಕೆ ತಾಗಿ ಮರಳುವ ರೇಡಿಯೊ ಅಲೆ ಕೆಳಗೆ ನಿಂತವರಿಗೂ ಏರುಪೇರಾಗಿ ಕಾಣುತ್ತದೆ ಎಂದರು ಅವರು. ಸೂರ್ಯನ ಮೇಲಾಗುವ ಸಣ್ಣ ಸ್ಫೋಟಗಳಂತೂ ಇದನ್ನು ಆಗಾಗ ಮಾಡುತ್ತವಂತೆ. ನೋಡಲು ಬೇಕಾದದ್ದು ಒಂದಿಷ್ಟು ತಾಮ್ರದ ತಂತಿ ಮತ್ತು ಒಂದು ಕಂಪ್ಯೂಟರು.

ಹುಡುಗರು ಚಪ್ಪಾಳೆ ತಟ್ಟಿ ಎದ್ದುಹೋದರು. ನನಗೆ ಮಾತ್ರ ಆ ಕೊನೆಯ ಮಾತು ತಲೆಯಿಂದ ಹೋಗಲಿಲ್ಲ. ಆ ಮೇಲಿನ ಪದರವನ್ನು ನಾನು ವರ್ಷ ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಕಲಿಸಿದ್ದೆ. ಅದು ನಮ್ಮ ಮಾಳಿಗೆಯಿಂದ ವಿಚಾರಿಸಬಹುದಾದ ಸಂಗತಿ ಎಂದು ಒಮ್ಮೆಯೂ ಅನ್ನಿಸಿರಲಿಲ್ಲ.

ನಮ್ಮೂರಲ್ಲಿ ತಾಮ್ರದ ತಂತಿಗೆ ಬರವಿಲ್ಲ. ಮಗ್ಗದ ಮೋಟಾರು ಸುಟ್ಟರೆ ತಂತಿ ಸುತ್ತಿಕೊಡುವ ಅಂಗಡಿಗಳು ಓಣಿಗೊಂದಿವೆ. ತಂತಿ ತಂದೆ, ಬಡಿಗನಿಂದ ಆಳೆತ್ತರದ ಕಟ್ಟಿಗೆಯ ಚೌಕಟ್ಟು ಮಾಡಿಸಿದೆ, ರವಿವಾರವೆಲ್ಲ ಕೂತು ಅದಕ್ಕೆ ತಂತಿ ಸುತ್ತಿದೆ. ನನ್ನ ಅತ್ತೆ ಬಿಸಿಲಿಗೆ ಬೇಳೆ ಹರವುತ್ತ ನೋಡುತ್ತಿದ್ದರು.

"ಇದೇನವಾ, ಹಪ್ಪಳ ಒಣಗಸಾಕ ಮಾಡಾಕತ್ತೀಯೇನ?"

"ಇಲ್ಲರಿ ಅತ್ತಿ. ಸೂರ್ಯನ ಮ್ಯಾಲ ಏನರ ಸಿಡದ್ರ ಇದರಾಗ ಗೊತ್ತಾಕ್ಕತಿ."

ಅತ್ತೆ ಬೇಳೆ ಹರವುವುದನ್ನು ನಿಲ್ಲಿಸಿದರು. ನಮ್ಮದು ಜೈನರ ಮನೆ, ಅತ್ತೆ ಸೂರ್ಯ ಮುಳುಗಿದ ಮೇಲೆ ಏನನ್ನೂ ತಿನ್ನುವವರಲ್ಲ. ಎಷ್ಟೋ ವರ್ಷಗಳಿಂದ ಪ್ರತಿ ಸಂಜೆ ಸೂರ್ಯ ಎಲ್ಲಿದ್ದಾನೆ ಎಂದು ನೋಡಿಯೇ ತಾಟಿನ ಮುಂದೆ ಕೂತವರು. "ಅಲ್ಲೂ ಸಿಡೀತೇತಿ?" ಎಂದು ಕೇಳಿ, ನನ್ನ ಎದುರು ಕೂತು ಚೌಕಟ್ಟಿನ ಇನ್ನೊಂದು ಬದಿ ಹಿಡಿದರು.

ಚೌಕಟ್ಟನ್ನು ಮಾಳಿಗೆಯ ಮೇಲೆ ನಿಲ್ಲಿಸಿ ಲ್ಯಾಪ್‌ಟಾಪಿಗೆ ಜೋಡಿಸಿದೆವು. ದೇಶದ ದಕ್ಷಿಣದ ತುದಿಯ ಒಂದು ಕೇಂದ್ರದಿಂದ ಹಗಲಿರುಳು ಹೊರಡುವ ರೇಡಿಯೊ ಸಂಕೇತವನ್ನು ಅದು ಹಿಡಿಯಬೇಕು, ಅದರ ಬಲವನ್ನು ಪರದೆಯ ಮೇಲೆ ಒಂದು ಗೆರೆಯಾಗಿ ಎಳೆಯಬೇಕು. ಬಂದದ್ದು ಗೆರೆಯಲ್ಲ, ಮುಳ್ಳಿನ ಬೇಲಿ. ಕೆಳಗಿನ ಮೋಟಾರುಗಳು, ಪಕ್ಕದ ಮನೆಯ ಮೋಟಾರುಗಳು, ಇಡೀ ಓಣಿಯ ಮೋಟಾರುಗಳು ಅದರೊಳಗೆ ಕಿರಿಚುತ್ತಿದ್ದವು. ಮಗ್ಗಗಳಿಗೆ ಸೂಟಿಯ ದಿನ ಮಾತ್ರ ಬೇಲಿ ಕರಗಿ, ನಡುವೆ ತೆಳ್ಳನೆಯ ಗೆರೆಯೊಂದು ಕಂಡಿತು. ಶಿರೋಳಿಯಲ್ಲಿ ಮನೆ ಇದ್ದ ಸಹೋದ್ಯೋಗಿಯನ್ನು ಅವರಲ್ಲಿ ಚೌಕಟ್ಟು ನಿಲ್ಲಿಸಬಹುದೇ ಎಂದು ಕೇಳಿದರೆ, ಅಲ್ಲಿನ ಫೌಂಡ್ರಿಗಳ ವಿದ್ಯುತ್ ಕುಲುಮೆ ಇದಕ್ಕಿಂತ ಕೆಟ್ಟದ್ದು ಎಂದು ನಕ್ಕರು.

"ನಿನ್ನ ತೌರಮನಿಗಿ ಒಯ್ಯೂಣಲಾ," ಎಂದರು ಅತ್ತೆ. "ಅಲ್ಲೇನ ಮಗ್ಗ ಇಲ್ಲ, ಮಶೀನ ಇಲ್ಲ. ಬರೇ ಕಬ್ಬ."

ನನ್ನ ತವರು ಗಡಹಿಂಗ್ಲಜದ ಹತ್ತಿರ, ಹಿರಣ್ಯಕೇಶಿ ನದಿಯ ದಂಡೆಯ ಹೊಲದಲ್ಲಿದೆ. ಅಣ್ಣ ಅಲ್ಲಿ ಕಬ್ಬು ಬೆಳೆಯುತ್ತಾನೆ. ಬೇಸಿಗೆಯ ಸೂಟಿ ಬಿದ್ದ ಕೂಡಲೇ ಚೌಕಟ್ಟನ್ನು ಬಟ್ಟೆಯ ಗಂಟುಗಳ ಜೊತೆ ಟೆಂಪೋದಲ್ಲಿ ಹಾಕಿಕೊಂಡು ಹೊರಟೆವು. ಹಾಗೆ ನೋಡಿದರೆ ಬೀಗರ ಮನೆಗೆ ಒಂದೆರಡು ದಿನಕ್ಕಿಂತ ಹೆಚ್ಚು ಹೋದವರಲ್ಲ ನಮ್ಮ ಅತ್ತೆ. ಈ ಸಲ ನನಗಿಂತ ಮೊದಲು ಚೀಲ ಕಟ್ಟಿದ್ದರು.

ಹೊಲದ ಮನೆಯ ಹಿಂದೆ ಚೌಕಟ್ಟು ನಿಲ್ಲಿಸಿದ ದಿನವೇ ಗೆರೆ ಸ್ವಚ್ಛವಾಗಿ ಮೂಡಿತು. ಆ ಸಂಜೆ ಅತ್ತೆ ಬೇಗ ಉಂಡು ಪರದೆಯ ಮುಂದೆ ಕೂತರು. ಸೂರ್ಯ ಕಬ್ಬಿನ ಆಚೆ ಇಳಿಯುತ್ತಿದ್ದಂತೆ ಗೆರೆ ಮೆಲ್ಲಗೆ ಬಾಗಿತು, ತಳಮುಟ್ಟಿತು, ಮತ್ತೆ ಬೇರೆ ಎತ್ತರಕ್ಕೆ ಏರತೊಡಗಿತು.

"ಯವ್ವಾ, ಇದಕ್ಕ ಹೊತ್ತ ಮುಳಗೂದು ಗೊತ್ತಾಕ್ಕತಿ!" ಎಂದು ಅತ್ತೆ ಕೂಗಿದರು. ಹಗಲು ಸೂರ್ಯನ ಕಿರಣ ಮೇಲಿನ ಪದರವನ್ನು ಕಟ್ಟುತ್ತದೆ, ಸೂರ್ಯ ಹೋದಾಗ ಅದು ಕರಗುತ್ತದೆ ಎಂದು ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಬೆಳಿಗ್ಗಿ ಮತ್ತ ಕಟ್ಟತೇತೇನ?" ಎಂದರು. ಮರುದಿನ ನಸುಕಿನಲ್ಲಿ ನೋಡಿದಾಗ ಪರದೆಯ ಮುಂದೆ ಅವರೇ ಕೂತಿದ್ದರು.

ಮುಂದಿನ ವಾರಗಳಲ್ಲಿ ನಾವಿಬ್ಬರೂ ಗೆರೆಯ ಮುಖಗಳನ್ನು ಗುರುತಿಸಲು ಕಲಿತೆವು. ಅಣ್ಣ ನೀರಿನ ಪಂಪು ಹಚ್ಚಿದರೆ ಗೆರೆ ಗೋಡೆಯಂತೆ ನೆಟ್ಟಗೆ ಏರುತ್ತಿತ್ತು, ಆರಿಸಿದರೆ ನೆಟ್ಟಗೆ ಬೀಳುತ್ತಿತ್ತು. ದೂರದಲ್ಲೆಲ್ಲೋ ಮಿಂಚಿದರೆ ಸೂಜಿ ಚುಚ್ಚಿದಂತೆ ಒಂದು ಕ್ಷಣದ ಗೀರು. ಸೂರ್ಯನ ಸ್ಫೋಟ ಇವೆರಡರ ಹಾಗೂ ಇರುವುದಿಲ್ಲ, ಬೇಗ ಏರಿ ನಿಧಾನವಾಗಿ ಇಳಿಯುತ್ತದೆ ಎಂದು ನಾನು ಕೈಯಲ್ಲಿ ಗಾಳಿಗೆ ಬರೆದು ತೋರಿಸಿದೆ.

"ಹಾಲ ಉಕ್ಕಿದಂಗ ಏರತೇತಿ, ಆರಿದಂಗ ಇಳೀತೇತಿ, ಹೌದಿಲ್ಲ?" ಎಂದರು ಅತ್ತೆ. ಇದಕ್ಕಿಂತ ಸರಳವಾಗಿ ನಾನು ತರಗತಿಯಲ್ಲಿ ಇಂದಿಗೂ ಹೇಳಿಲ್ಲ.

ಒಂದು ಮಧ್ಯಾಹ್ನ ನಾನು ಗಡಹಿಂಗ್ಲಜದ ಪೇಟೆಯಲ್ಲಿ ತರಕಾರಿ ಕೊಳ್ಳುತ್ತಿದ್ದೆ. ಅತ್ತೆಯ ಫೋನು ಬಂತು.

"ಲಗೂನ ಬಾರವಾ. ಹಾಲ ಉಕ್ಕೇತಿ!"

ಮೊದಲು ನನಗೆ ನಿಜವಾಗಿಯೂ ಒಲೆಯ ಮೇಲಿನ ಹಾಲೇ ಕಣ್ಣಿಗೆ ಬಂತು. ಅರ್ಥವಾದಾಗ ಚೀಲವನ್ನು ಅಂಗಡಿಯಲ್ಲೇ ಬಿಟ್ಟು ಸ್ಟ್ಯಾಂಡಿಗೆ ಓಡಿದೆ. ಮನೆ ಸೇರುವ ಹೊತ್ತಿಗೆ ಗೆರೆ ಇನ್ನೂ ಇಳಿಯುತ್ತಿತ್ತು. ಎಂಥ ಚಂದದ ಆಕಾರ! ಥಟ್ಟನೆ ಏರು, ನಿಧಾನದ ಇಳಿಜಾರು. ಫೋನಿನಲ್ಲಿ ಉಪಗ್ರಹದ ಮಾಹಿತಿ ತೆಗೆದೆ. ಆ ಹೊತ್ತಿನಲ್ಲಿ ಸೂರ್ಯ ಶಾಂತನಾಗಿದ್ದ. ಏನೂ ಸಿಡಿದಿರಲಿಲ್ಲ.

ಸೂರ್ಯನಲ್ಲದಿದ್ದರೆ ಮತ್ತೆ ಯಾವುದು? ಹೇಳಬಾರದಿತ್ತು, ಆದರೂ ನನ್ನ ಬಾಯಿಂದ ಬಂದೇಬಿಟ್ಟಿತು. "ಅತ್ತಿ, ಯಾವದರ ನಕ್ಷತ್ರ ಸತ್ತದ್ದೂ ಇರಬಹುದರಿ."

ಉಪನ್ಯಾಸಕ್ಕೆ ಬಂದಿದ್ದ ವಿಜ್ಞಾನಿಗೆ ಗೆರೆಯ ಚಿತ್ರ ಕಳಿಸಿದೆ. ಮರುದಿನ ಉತ್ತರ ಬಂತು. ಆ ವೇಳೆಗೆ ಯಾವ ಉಪಗ್ರಹವೂ ಗಾಮಾ ಸ್ಫೋಟ ಕಂಡಿಲ್ಲ, ಬೇರೆ ಕಡೆಯ ರೇಡಿಯೊ ಗ್ರಾಹಕಗಳಲ್ಲೂ ಏನಿಲ್ಲ, ದಯವಿಟ್ಟು ಮೊದಲು ನಿಮ್ಮ ಮನೆಯ ಸುತ್ತ ನೋಡಿ ಎಂದು ಬರೆದಿದ್ದರು. ನನಗೆ ಕೊಂಚ ಬೇಸರವಾಯಿತು. ಅತ್ತೆಗೆ ಆಗಲಿಲ್ಲ.

"ಖರೇನ ಅಂದಾರ. ಕಳುವಾದ್ರ ಮೊದಲ ಮನ್ಯಾಗ ಹುಡಕತಾರ, ಆಮ್ಯಾಲ ಓಣ್ಯಾಗ."

ಮನೆಯಲ್ಲಿ ಹುಡುಕತೊಡಗಿದೆವು. ಪಂಪು ಆ ಹೊತ್ತಿಗೆ ಬಂದ್ ಆಗಿತ್ತು. ಮಿಕ್ಸರಿಗೆ ಕೈ ಹಚ್ಚಿರಲಿಲ್ಲ. ಉಳಿದವನು ಅಣ್ಣ. ಅವನು ಊಟಕ್ಕೆ ಕೂತಿದ್ದಾಗ ಅತ್ತೆ ಎದುರಿಗೇ ಹೋಗಿ ಕೂತರು.

"ಬೀಗರ, ನಿನ್ನಿ ಮಧ್ಯಾಹ್ನ ನೀವು ಎಲ್ಲಿದ್ರಿ?"

"ಹೊಳ್ಯಾಗ ಈಸಾಕ ಹೋಗಿದ್ನಿರಿ, ಮಾವಶಿ. ಯಾಕರಿ?"

"ಬಂದ ಏನ ಮಾಡಿದ್ರಿ?"

"ಏನ ಮಾಡ್ಲಿರಿ? ಟಾವೆಲ್ ಒಣಾ ಹಾಕಿದ್ನಿ, ಮಲಗಿದ್ನಿ."

"ಎಲ್ಲಿ ಹಾಕಿದ್ರಿ?"

ಅಣ್ಣ ನನ್ನ ಮುಖ ನೋಡಿದ, ಅತ್ತೆಯ ಮುಖ ನೋಡಿದ, ಹಿತ್ತಲ ಕಡೆ ನೋಡಿದ. "ಅದ... ನಿಮ್ಮ ಚೌಕಟ್ಟಿನ ಮ್ಯಾಲ. ಬೇಲಿಮ್ಯಾಲ ಹಾಕಿದ್ರ ಮುಳ್ಳ ಹತ್ತತಾವರಿ."

ಅಣ್ಣನ ಊಟ ಮುಗಿಯಲು ಸಹ ಬಿಡದೆ ನಾವು ಆ ಟಾವೆಲ್ಲನ್ನು ಬಕೆಟ್ಟಿನಲ್ಲಿ ಅದ್ದಿ, ಹಿಂಡಿ, ಚೌಕಟ್ಟಿನ ಮೇಲೆ ಹಾಕಿದೆವು. ಗೆರೆ ಥಟ್ಟನೆ ಏರಿತು. ಆಮೇಲೆ ಮೂವರೂ ಪರದೆಯ ಮುಂದೆ ಕೂತು, ಮೇ ತಿಂಗಳ ಬಿಸಿಲಿನಲ್ಲಿ ಬಟ್ಟೆ ಒಣಗಿದಂತೆಲ್ಲ ಗೆರೆ ನಿಧಾನವಾಗಿ ಇಳಿಯುವುದನ್ನು ನೋಡಿದೆವು. ತಂತಿಯ ಮೇಲಿನ ನೀರು ಅದರ ಶ್ರುತಿಯನ್ನು ಸ್ವಲ್ಪ ಬದಲಿಸುತ್ತದೆ, ಅಷ್ಟೇ ಕಾರಣ. ನಿನ್ನೆಯ ಚಿತ್ರಕ್ಕೂ ಇದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

"ಅಂದ್ರ ನನ್ನ ಟಾವೆಲ್ಲೂ ಒಂದ ನಕ್ಷತ್ರ ಆತು," ಎಂದ ಅಣ್ಣ. ನಕ್ಕು ನಕ್ಕು ನನ್ನ ಕಣ್ಣಲ್ಲಿ ನೀರು ಬಂತು. ಅತ್ತೆ ನಗಲಿಲ್ಲ. ಅವರು ಹಿಂದಿನ ಸಂಜೆಯೇ ಇಚಲಕರಂಜಿಯ ಗೆಳತಿಯರಿಗೂ, ಹುಪರಿಯಲ್ಲಿ ಬೆಳ್ಳಿ ಕೆಲಸದ ಮನೆಗೆ ಕೊಟ್ಟಿದ್ದ ಮಗಳಿಗೂ ಫೋನು ಮಾಡಿ, ನಕ್ಷತ್ರವೊಂದು ಸತ್ತದ್ದನ್ನು ತಾನು ಹಿಡಿದೆ ಎಂದು ಹೇಳಿಬಿಟ್ಟಿದ್ದರು. ಈಗ ಕಟ್ಟೆಯ ಮೇಲೆ ಕೂತು ಒಬ್ಬೊಬ್ಬರಿಗೂ ಮತ್ತೆ ಫೋನು ಹಚ್ಚಿದರು. "ನಿನ್ನಿ ಹೇಳಿದ್ದು ಸುಳ್ಳ ಆತವಾ. ಅದು ಟಾವೆಲ್ ಇತ್ತ." ಆಚೆಯಿಂದ ನಗು ನನಗೂ ಕೇಳಿಸುತ್ತಿತ್ತು. ಹೋಗಲಿ ಬಿಡ್ರಿ ಎಂದೆ. "ಗೊತ್ತಾದ ಮ್ಯಾಲೂ ಸುಳ್ಳ ಉಳಿಸಬಾರದು," ಎಂದು ಮುಂದಿನ ನಂಬರು ಒತ್ತಿದರು.

ನಿಜವಾದದ್ದು ಬಂದದ್ದು ಮಳೆಗಾಲಕ್ಕೆ ಸ್ವಲ್ಪ ಮೊದಲು, ಬೆಳಗಿನ ಹೊತ್ತು. ಅತ್ತೆ ಮತ್ತು ನಾನು ಶ್ಯಾವಿಗೆ ಮಾಡುತ್ತಿದ್ದೆವು. ಗೆರೆ ಎದ್ದಿತು. ಇಬ್ಬರೂ ಕಂಡೆವು. ಅತ್ತೆ ಹಿಟ್ಟಿನ ಕೈಯಲ್ಲೇ ಹಿತ್ತಲಿಗೆ ಹೋದರು, ಚೌಕಟ್ಟನ್ನು ಸುತ್ತಿ ಬಂದು ತಲೆಯಾಡಿಸಿದರು. ಅಲ್ಲೇನೂ ಇರಲಿಲ್ಲ. ನಾನು ಪಂಪಿನ ಮನೆಗೆ ಹೋಗಿ ಬಂದೆ, ಪಂಪು ಆರಿತ್ತು. ಮೋಡವಿಲ್ಲ, ಮಿಂಚಿಲ್ಲ. ಗೆರೆ ತುದಿ ಮುಟ್ಟಿ ಆರಾಮಾಗಿ ಇಳಿಯತೊಡಗಿತ್ತು. ಆಗ ಫೋನು ತೆಗೆದು ಉಪಗ್ರಹದ ಚಿತ್ರ ನೋಡಿದೆ. ಅದೇ ಗಳಿಗೆಗೆ ಅಲ್ಲೂ ಒಂದು ಏರು ನಿಂತಿತ್ತು. ಸೂರ್ಯನ ಮೇಲೆ ನಿಜಕ್ಕೂ ಸಿಡಿದಿತ್ತು.

ಎರಡನ್ನೂ ಅಕ್ಕಪಕ್ಕ ಹಿಡಿದು ತೋರಿಸಿದೆ. ಅತ್ತೆ ಬಹಳ ಹೊತ್ತು ನೋಡಿದರು. ಆಮೇಲೆ ಅಂಗಳಕ್ಕಿಳಿದು ಬಿಸಿಲಿನಲ್ಲಿ ಕೈ ಚಾಚಿ ನಿಂತರು.

"ಬಿಸಲ ಹೆಂಗಿತ್ತ ಹಂಗ ಐತಿ. ಏನೂ ಫರಕ ಇಲ್ಲ. ಅಷ್ಟ ದೊಡ್ಡದ ಸಿಡದ್ರೂ ಮೈಗಿ ಯಾಕ ಗೊತ್ತಾಗೂದಿಲ್ಲ?"

ಕಣ್ಣಿಗೂ ಚರ್ಮಕ್ಕೂ ಗೊತ್ತಾಗದ ಬೆಳಕುಗಳಿವೆ, ಗಾಳಿ ಅವನ್ನು ಮೇಲೆಯೇ ನುಂಗಿಕೊಳ್ಳುತ್ತದೆ ಎಂದೆ. "ನಮ್ಮ ಸಲವಾಗಿ ನುಂಗತೇತೇನ?" ಎಂದು ಕೇಳಿದರು. ಅದು ನಮಗಾಗಿ ಅಲ್ಲ, ಗಾಳಿಯ ಗುಣವೇ ಹಾಗೆ ಎಂದೆ. ಅವರು ತಲೆಯಾಡಿಸಿದರು, ಒಪ್ಪಿದ ಹಾಗೆ ಮಾತ್ರ ಕಾಣಲಿಲ್ಲ.

ಆ ದಿನ ಅವರು ತಾವಾಗಿ ಯಾರಿಗೂ ಫೋನು ಮಾಡಲಿಲ್ಲ. ನಾನೇ ಮಾಡಿಸಿದೆ.

ಸ್ವಲ್ಪ ದಿನಗಳ ಮೇಲೆ ಅಂಗಳದಲ್ಲಿ ಕೂತಿದ್ದಾಗ ಅತ್ತೆ ಇನ್ನೊಂದು ಪ್ರಶ್ನೆ ಕೇಳಿದರು. "ಸಾಯೂ ನಕ್ಷತ್ರ ಅಂತೀಯಲಾ, ಅದರ ಬಾಜೂಕ ಜೀವ ಇದ್ದುವೇನು?"

ಯಾರೂ ನನ್ನನ್ನು ಹೀಗೆ ಕೇಳಿರಲಿಲ್ಲ. ನನಗೂ ಹೊಳೆದಿರಲಿಲ್ಲ. ಎಷ್ಟು ಶಕ್ತಿ, ಎಷ್ಟು ದೂರ, ಎಷ್ಟು ಹೊತ್ತು ಎಂಬುದಷ್ಟೇ ನನ್ನ ಲೆಕ್ಕವಾಗಿತ್ತು. ಅಂಥ ನಕ್ಷತ್ರಗಳ ಆಯುಷ್ಯ ಕಡಿಮೆ, ಜೀವ ಹುಟ್ಟುವಷ್ಟು ಕಾಲ ಅವು ಇರಲಿಕ್ಕಿಲ್ಲ, ಆದರೆ ಸುತ್ತಮುತ್ತ ಬೇರೆ ನಕ್ಷತ್ರಗಳಿರುತ್ತವೆ, ಅಲ್ಲಿನ ಸಂಗತಿ ಗೊತ್ತಿಲ್ಲ ಎಂದೆ.

"ಯಾರಿಗೂ ಗೊತ್ತಿಲ್ಲೇನು?"

"ಯಾರಿಗೂ ಇಲ್ಲರಿ."

ಅತ್ತೆ ಕಣ್ಣು ಮುಚ್ಚಿ ಕೈ ಮುಗಿದರು. ತುಟಿ ಅಲುಗಿತು. ಏನು ಅಂದರೆಂದು ನಾನು ಕೇಳಲಿಲ್ಲ.

ಮೊದಲ ಮಳೆಯ ವಾರದಲ್ಲಿ ಫೋನಿಗೆ ಸೂಚನೆಯೊಂದು ಬಂತು. ಉಪಗ್ರಹವೊಂದು ಗಾಮಾ ಸ್ಫೋಟ ಕಂಡಿತ್ತು, ಹಗಲಲ್ಲೇ, ನಮ್ಮ ತಲೆಯ ಮೇಲಿನ ಆಕಾಶದಲ್ಲೇ. ಇಬ್ಬರೂ ಲ್ಯಾಪ್‌ಟಾಪು ತೆರೆದು ಆ ಗಳಿಗೆಯನ್ನು ಹುಡುಕಿದೆವು. ಗೆರೆ ಮಲಗಿದ ಹಾಗೆಯೇ ಇತ್ತು. ನಮ್ಮ ಚೌಕಟ್ಟಿಗೆ ತಿಳಿಯುವಷ್ಟು ಬಲ ಅದಕ್ಕಿರಲಿಲ್ಲ.

ನನಗೆ ನಿರಾಶೆಯಾಯಿತು. ಅತ್ತೆ ಚಸ್ಮಾ ಏರಿಸಿ ಆ ಸಪಾಟು ಗೆರೆಯ ಮೇಲೆ ಬೆರಳಾಡಿಸಿದರು.

"ಅದು ದಾಟಿ ಹೋಗಿದ್ದು ಇಲ್ಲೇ, ಹೌದಿಲ್ಲ?"

"ಹೌದ್ರಿ, ಇಲ್ಲೇ."

"ನಾವು ಆವಾಗ ಏನ ಮಾಡಾಕತ್ತಿದ್ವಿ?"

ನೆನಪಿಸಿಕೊಂಡೆವು. ಅಣ್ಣ ಗೊಬ್ಬರ ತರಲು ಹೋಗಿದ್ದ. ನಾನು ಇಚಲಕರಂಜಿಗೆ ಮರಳಲು ಬಟ್ಟೆ ಮಡಿಸುತ್ತಿದ್ದೆ. ಅತ್ತೆ ಹಿತ್ತಲಲ್ಲಿ ಬದನೆಯ ಅಗಿಗಳನ್ನು ನೆಡುತ್ತಿದ್ದರು. ಪರದೆಯ ಮೇಲಿನ ಬೆರಳನ್ನು ತೆಗೆಯದೆ ಅವರು, "ಬದನಿ ಹಚ್ಚೂವಾಗ," ಎಂದು ತಮಗೇ ಹೇಳಿಕೊಂಡರು. ಆಮೇಲೆ ಎದ್ದು, ಆ ಅಗಿಗಳು ಮಳೆಗೆ ಬಾಗಿವೆಯೋ ನೋಡಲು ಹಿತ್ತಲಿಗೆ ಹೋದರು.