ಹಾಜರಿಗೆ ಮುಂಚೆ ಹೆಸರು

ಪಶ್ಚಿಮ ಬೆಂಗಳೂರಿನ ಕನ್ನಡ ಮೇಷ್ಟ್ರುಗಳ ಸಾಲಿನಲ್ಲಿ ಶ್ರೀ ಪಂಚಾಕ್ಷರಿಯವರ ಸ್ಥಾನ ಯಾವುದೆಂದರೆ, ವ್ಯಾಕರಣದಲ್ಲಿ ಅವರಿಗಿಂತ ಬಲ್ಲವರು ಇದ್ದಾರು, ಹಳಗನ್ನಡವನ್ನು ಅವರಿಗಿಂತ ಇಂಪಾಗಿ ಓದುವವರೂ ಇದ್ದಾರು. ಆದರೆ ಶಾಲೆ ತೆರೆದ ಮೊದಲ ಹದಿನೈದು ದಿನಗಳಲ್ಲಿ ಅವರ ಸಮಕ್ಕೆ ನಿಲ್ಲುವವರನ್ನು ನಾನಂತೂ ಕಂಡಿಲ್ಲ. ಗೋವಿಂದರಾಜನಗರದ ನಮ್ಮ ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಸೇವೆ ಸಲ್ಲಿಸಿ ಈ ಮೇ ತಿಂಗಳಲ್ಲಿ ನಿವೃತ್ತರಾದ ಅವರಿಗೆ ನಾನು ಮೊದಲು ಶಿಷ್ಯೆ, ಕೊನೆಯ ಎರಡು ವರ್ಷ ಸಹೋದ್ಯೋಗಿ. ಬರೆಯಲು ಬೇಕಾದಷ್ಟಿದೆ, ಕೂತಾಗಲೆಲ್ಲ ಒಂದೇ ಜೂನ್ ತಿಂಗಳು ಎದುರು ಬಂದು ನಿಲ್ಲುತ್ತದೆ.

ನಾನು ಎಂಟನೆಯ ತರಗತಿಗೆ ಸೇರಿದಾಗ, ನಮ್ಮ ಮನೆಯವರು ಗದಗಿನ ಕಡೆಯಿಂದ ಬಂದು ಇಲ್ಲಿ ಬಾಡಿಗೆ ಮನೆ ಹಿಡಿದು ಇಪ್ಪತ್ತು ದಿನವೂ ಆಗಿರಲಿಲ್ಲ. ಅರ್ಜಿಯಿಂದ ಹಾಜರಿ ಪುಸ್ತಕಕ್ಕೆ ಇಳಿಯುವಾಗ ನನ್ನ ಹೆಸರಿನ ನಡುವೆ ಒಂದು ಸೊನ್ನೆ ಸೇರಿಕೊಂಡಿತ್ತು. ಮೊದಲ ದಿನ ಸಾರ್ ಗಟ್ಟಿಯಾಗಿ ಓದಿದರು: “ವಂಚನಾ.”

“ಬ್ಯಾಗ್ ಹುಷಾರು ಮಗಾ!” ಎಂದ, ಹಿಂದಿನ ಬೆಂಚಿನ ದರ್ಶನ್.

ಇಡೀ ತರಗತಿ ನಕ್ಕಿತು. ತಡೆಯಲಾರದೆ ಸಾರ್ ಕೂಡ ನಕ್ಕುಬಿಟ್ಟರು. ಸಂಜೆ ನಾನು ಅವ್ವನಿಗೆ, “ನಾ ಈ ಸಾಲಿಗೆ ಹೋಗಂಗಿಲ್ಲ, ಊರಿಗೆ ಕಳಿಸು,” ಎಂದೆ.

ಮಾರನೆಯ ದಿನ ಅಪ್ಪ ಎಳೆದುಕೊಂಡು ಬಂದು ಬಿಟ್ಟರು. ಸಾರ್ ಹಾಜರಿ ಪುಸ್ತಕ ತೆರೆಯಲೇ ಇಲ್ಲ. “ನಿನ್ನೆ ತಪ್ಪು ಬರೆದಿದ್ದು ಪುಸ್ತಕ, ನಕ್ಕಿದ್ದು ನಾನು. ತಪ್ಪಾಯ್ತು ಕಣಮ್ಮ. ಇನ್ಮೇಲೆ ನಿಮ್ಮ ನಿಮ್ಮ ಹೆಸರು ನೀವೇ ಹೇಳ್ಬೇಕು, ಆಮೇಲೇ ನಾನು ಬರ್ಕೊಳ್ಳೋದು,” ಎಂದರು. ಅಂದಿನಿಂದ ಬೆಳಿಗ್ಗೆ ಬೆಂಚಿನಿಂದ ಬೆಂಚಿಗೆ ನಡೆದು, ಹೆಸರೇನು, ಇಟ್ಟವರು ಯಾರು, ಮನೆಯಲ್ಲಿ ಏನೆಂದು ಕರೆಯುತ್ತಾರೆ ಎಂದೆಲ್ಲ ಕೇಳತೊಡಗಿದರು. ನನ್ನ ಮುಂದೆಯೂ ಅಷ್ಟೇ ಹೊತ್ತು ನಿಲ್ಲುವರು. ನಾನು ಬಾಯಿ ಬಿಡದಿದ್ದರೆ ಸುಮ್ಮನೆ ಮುಂದಕ್ಕೆ ಹೋಗುವರು. ಪುಸ್ತಕದಲ್ಲಿ ನನ್ನ ಸಾಲು ಖಾಲಿಯೇ ಉಳಿಯಿತು. ಒಮ್ಮೆ ಹೆಡ್‌ಮಾಸ್ಟರು ಬಾಗಿಲಲ್ಲೇ ಹಿಡಿದರು.

“ರೀ ಪಂಚಾಕ್ಷರಿ, ಈ ಹುಡುಗಿ ಬಂದಿದಾಳೋ ಇಲ್ವೋ?”

“ಬಂದಿದಾಳೆ ಸಾರ್. ಇನ್ನೂ ಪೂರ್ತಿ ಬಂದಿಲ್ಲ.”

“ಅದಕ್ಕೆ ಯಾವ ಕಾಲಮ್ ಇದೆ ರೀ?”

“ಇಲ್ವಲ್ಲ ಸಾರ್, ಅದಕ್ಕೇ ಖಾಲಿ ಬಿಟ್ಟಿದೀನಿ.”

ಹನ್ನೆರಡನೆಯ ದಿನ ಸಾರ್ ನನ್ನ ಮುಂದೆ ನಿಲ್ಲದೆ ದಾಟಿ ಹೋದರು. ನಾನು ಎದ್ದು ನಿಂತೆ. “ಸಾರ್, ನನ್ನ ಬಿಟ್ಟು ಹೊಂಟ್ರಿ!”

“ಯಾರನ್ನ?”

“ವಚನಾನ್ನ ರೀ! ನಮ್ಮ ಅಜ್ಜಾರು ಇಟ್ಟ ಹೆಸರ್ರೀ!”

ಈ ಸಲ ಯಾರೂ ನಗಲಿಲ್ಲ. ದರ್ಶನ್ ಮಾತ್ರ, “ಗುರು, ಇವಳಿಗೆ ಮಾತು ಬರತ್ತೆ!” ಎಂದ. ಸಾರ್ ಮರೆತು ದಾಟಿದರೋ ಬೇಕೆಂದೇ ದಾಟಿದರೋ, ನಾನು ಎಷ್ಟು ಸಲ ಕೇಳಿದರೂ ಹೇಳಿಲ್ಲ.

ಪಾಠ ಹಿಂದೆ ಬೀಳುತ್ತದೆಂದು ಪೋಷಕರು ಗೊಣಗಿದರೂ ಆ ಪದ್ಧತಿಯನ್ನು ಅವರು ಬಿಡಲಿಲ್ಲ. ನಾನು ಅದೇ ಶಾಲೆಗೆ ಶಿಕ್ಷಕಿಯಾಗಿ ಬಂದು, ನನ್ನ ತರಗತಿಯ ಮಕ್ಕಳ ವಿವರ ಬೇಡಿದಾಗ, “ನನ್ನ ಪಟ್ಟಿ ಕೊಡಲ್ಲ ಕಣಮ್ಮ, ನಿನ್ನ ಮಕ್ಕಳನ್ನ ನೀನೇ ಕೇಳ್ಕೊ,” ಎಂದು ಕಳಿಸಿದರು.

ಈ ವರ್ಷ ಎಂಟನೆಯ ತರಗತಿ ನನ್ನ ಪಾಲಿಗೆ ಬಂತು. ಮೊದಲ ದಿನ ಒಂದು ಗಳಿಗೆಯಾದರೂ ಬಂದು ನಿಲ್ಲಿ ಸಾರ್ ಎಂದು ಫೋನಿನಲ್ಲಿ ಬೇಡಿಕೊಂಡೆ. “ನಾನು ಬಂದ್ರೆ ಅವರೆಲ್ಲ ನನ್ನ ಮುಖ ನೋಡ್ತಾರೆ. ನಿನ್ನ ಮುಖ ನೋಡ್ಲಿ,” ಎಂದು ಇಟ್ಟುಬಿಟ್ಟರು. ಆ ಬೆಳಿಗ್ಗೆ ಮೂವತ್ತೆಂಟು ಮುಖಗಳು ನನ್ನನ್ನೇ ನೋಡಿದವು. ನಾನು ಮಾತ್ರ ಮೂರು ಸಲ ಬಾಗಿಲ ಕಡೆ ನೋಡಿದೆ. ಹತ್ತನೆಯ ದಿನಕ್ಕೆ ಮೂವತ್ತೇಳು ಹೆಸರು ಬಂದವು. ಹೇಳಿಕೊಳ್ಳೋಣವೆಂದು ಸ್ಟಾಫ್ ರೂಮಿಗೆ ಓಡಿದರೆ, ಕಿಟಕಿಯ ಪಕ್ಕದ ಸಾರ್ ಅವರ ಕುರ್ಚಿಯಲ್ಲಿ ಗಣಿತದ ಹೊಸ ಮೇಡಂ ಕೂತಿದ್ದರು.

ಸಾರ್, ನೀವು ಶಾಲೆಗೆ ಬರುವುದಿಲ್ಲ, ಸರಿ. ಇನ್ನು ಪ್ರತಿ ಜೂನ್ ಕೊನೆಗೆ ನಾನೇ ನಿಮ್ಮ ಮನೆಗೆ ಬಂದು ಆ ವರ್ಷದ ಹೆಸರುಗಳನ್ನೆಲ್ಲ ಒಂದೂ ಬಿಡದೆ ಹೇಳುತ್ತೇನೆ. ನನ್ನ ಸೇವೆ ಇನ್ನೂ ಮೂವತ್ತನಾಲ್ಕು ವರ್ಷವಿದೆ. ಅಷ್ಟೂ ವರ್ಷ ಕೇಳಲು ನೀವು ಇರಲೇಬೇಕು.