ಕವುಚಿಟ್ಟ ಲೋಟದ ಫೋಟೊ

ಮೊದಲೇ ಹೇಳಿಬಿಡುತ್ತೇನೆ, ಇಂಥ ಕಥೆಯನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಮುಂಬೈ ಹತ್ತಿರದ ಕಲ್ಯಾಣದ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು ನಾನು. ಊರು ಉಡುಪಿ ಕಡೆಯದು, ಹಾಗಾಗಿ ಭೂತಕೋಲಕ್ಕೆ ಕೈ ಮುಗಿದಿದ್ದೇನೆ, ಪ್ರಸಾದವನ್ನೂ ತಿಂದಿದ್ದೇನೆ. ಆದರೆ ಸತ್ತವರು ಬಂದರು, ಕಂಡರು ಎಂದು ಯಾರಾದರೂ ಶುರು ಮಾಡಿದರೆ, "ಆಗ ನಿಮಗೆ ಜ್ವರ ಇತ್ತಾ?" ಎಂದು ಕೇಳುವ ಬಾಯಿ ನನ್ನದು. ಕೆಲವು ವರ್ಷಗಳ ಹಿಂದಿನ ಒಂದು ಭಾನುವಾರದ ನಂತರ ಆ ಬಾಯಿ ಸ್ವಲ್ಪ ಮುಚ್ಚಿದೆ.

ನಮ್ಮವರಿಗೆ ಫೋಟೊ ತೆಗೆಯುವ ಹುಚ್ಚು. ಕೆಲಸ ಠಾಣೆಯಲ್ಲಿ, ಮನೆ ಡೊಂಬಿವಲಿಯಲ್ಲಿ, ರಜೆ ಸಿಕ್ಕಿದರೆ ಐರೋಲಿ ಖಾಡಿಯ, ಆ ಕಡಲ ಹಿನ್ನೀರಿನ ಕೆಸರಲ್ಲಿ. ಫ್ಲೆಮಿಂಗೊ ಹಕ್ಕಿ ಕತ್ತು ಎತ್ತುವುದನ್ನು ಕಾಯುತ್ತ ಬೆಳಗಿನಿಂದ ಮಧ್ಯಾಹ್ನದವರೆಗೆ ಕೂತಿರುತ್ತಿದ್ದರು. ನನ್ನ ಒಂದೇ ಒಂದು ಒಳ್ಳೆಯ ಫೋಟೊ ಮಾತ್ರ ಅವರು ತೆಗೆಯಲಿಲ್ಲ. "ಆ ಹಕ್ಕಿಗಿರುವ ಭಾಗ್ಯ ನನಗಿಲ್ಲ ನೋಡಿ" ಎಂದು ನಾನು ಚುಚ್ಚಿದರೆ, "ಬೆಳಕು ಸರಿ ಬರ್ಲಿ ಮಾರಾಯ್ತಿ, ತೆಗೀತೇನೆ" ಎನ್ನುತ್ತಿದ್ದರು. ಮದುವೆಯಾದಂದಿನಿಂದ ಇದೇ ಮಾತು. ನಾನು ನಕ್ಕು ಸುಮ್ಮನಾಗುತ್ತಿದ್ದೆ, ಆದರೆ ಒಳಗೆ ನೋಯುತ್ತಿತ್ತು. ಇವರು ನನ್ನನ್ನು ಒಮ್ಮೆಯಾದರೂ ಸರಿಯಾಗಿ ನೋಡಿದ್ದಾರಾ ಎಂಬ ಅನುಮಾನ ಕೊನೆಗೂ ಹೋಗಲಿಲ್ಲ.

ಒಂದು ಬೆಳಿಗ್ಗೆ ಖಾಡಿಗೆ ಹೋದವರು ಅಲ್ಲೇ ಕುಸಿದರು. ಆಸ್ಪತ್ರೆಗೆ ಸೇರಿಸುವಾಗಲೂ ಕ್ಯಾಮೆರಾ ಕೊರಳಲ್ಲೇ ಇತ್ತಂತೆ. ಊರಿನವರ ಫೋಟೊ ಎಲ್ಲ ತೆಗೆದ ಮನುಷ್ಯನದ್ದೇ ಗೋಡೆಗೆ ಹಾಕುವಂಥ ಫೋಟೊ ಒಂದಿರಲಿಲ್ಲ. ಪ್ಯಾನ್ ಕಾರ್ಡಿನಲ್ಲಿದ್ದ ಮುಖವನ್ನೇ ದೊಡ್ಡದು ಮಾಡಿಸಿ, ಗಂಧದ ಹಾರ ಹಾಕಿ, ಅಡುಗೆಮನೆಯ ಗೋಡೆಗೆ ತೂಗುಹಾಕಿದೆ. ಊಟ ಮಾಡುವಾಗ ಎದುರಿಗಿರಲಿ ಎಂದು.

ಅವರದ್ದೊಂದು ಫೋಟೊ ಬಳಗವಿತ್ತು. ತಿಂಗಳ ಕೊನೆಯ ಭಾನುವಾರ, ಊಟದ ಗದ್ದಲ ಮುಗಿದ ಮೇಲೆ, ಭಾಸ್ಕರಣ್ಣನ ಹೋಟೆಲಿನ ಮಾಳಿಗೆಯಲ್ಲಿ ಸೇರಿ ಸ್ಪರ್ಧೆ ನಡೆಸುತ್ತಿದ್ದರು. ಭಾಸ್ಕರಣ್ಣನೂ ಬಳಗದವನೇ. ಪ್ರತಿ ತಿಂಗಳೂ ಒಂದು ವಿಷಯ. ಪ್ರತಿಯೊಬ್ಬರೂ ಒಂದು ಫೋಟೊವನ್ನು ಹೆಸರಿಲ್ಲದ ಕವರಿನಲ್ಲಿಟ್ಟು, ಗಲ್ಲಾದ ಕೆಳಗೆ ನೇತುಹಾಕಿದ್ದ ಬಟ್ಟೆಚೀಲಕ್ಕೆ ಹಾಕಿ ಹೋಗಬೇಕು. ಭಾನುವಾರ ಭಾಸ್ಕರಣ್ಣ ಒಂದೊಂದನ್ನೇ ತೆಗೆದು, ಆಳಿಗೊಂದರಂತೆ ಇಟ್ಟ ಸ್ಟೀಲು ಲೋಟಗಳಿಗೆ ಒರಗಿಸಿ ನಿಲ್ಲಿಸುತ್ತಾನೆ. ಮೆಚ್ಚಿದ ಫೋಟೊದ ಲೋಟಕ್ಕೆ ಒಂದು ಹುಣಸೆಬೀಜ ಹಾಕಬೇಕು. ಬೀಜ ಬೀಳುವುದು ಮುಗಿಯುವವರೆಗೆ ಯಾರೂ ಬಾಯಿ ಬಿಡುವಂತಿಲ್ಲ. ಗೆದ್ದವರು ಎದ್ದುನಿಂತು ಬೆಳಕು ಎಲ್ಲಿಂದ ಬಂತು, ಹೇಗೆ ಸಿಕ್ಕಿತು ಎಂದು ಹೇಳಬೇಕು. ಆಮೇಲೆ ಎಲ್ಲರಿಗೂ ಗೋಳಿಬಜೆ, ಕಾಫಿ. ಇವರು ಹೋದ ಮೇಲೂ ಇವರ ಲೋಟವನ್ನು ಮೇಜಿನ ತುದಿಯಲ್ಲಿ ಕವುಚಿ ಇಡುತ್ತಿದ್ದರಂತೆ.

ಆ ಭಾನುವಾರ ನಾನು ಹೋದದ್ದು ಕ್ಯಾಮೆರಾ ಕೊಟ್ಟುಬಿಡಲು. ಅದನ್ನು ಕಂಡರೆ ನನಗೆ ಸಿಟ್ಟು ಬರುತ್ತಿತ್ತು, ಸವತಿಯನ್ನು ಕಂಡ ಹಾಗೆ. ಬಳಗದಲ್ಲಿ ಸ್ನೇಹಾ ಎಂಬ ಹುಡುಗಿಯಿದ್ದಳು, ಪಕ್ಕದ ದಿವಾ ಸ್ಟೇಶನ್ನಿನ ಹತ್ತಿರ ಮನೆ. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಮೊಬೈಲಿನಲ್ಲೇ ಚೆಂದ ತೆಗೆಯುತ್ತಾಳೆ, ಅವಳಿಗಾದರೂ ಉಪಯೋಗವಾಗಲಿ ಎಂದುಕೊಂಡಿದ್ದೆ. "ಅಕ್ಕಾ, ಇವತ್ತು ನೀವೂ ಒಂದು ಬೀಜ ಹಾಕಿ ಆಯ್ತಾ" ಎಂದು ಭಾಸ್ಕರಣ್ಣ ನನ್ನ ಕೈಗೊಂದು ಹುಣಸೆಬೀಜ ಕೊಟ್ಟ.

ಆ ತಿಂಗಳ ವಿಷಯ ಕಿಟಕಿ. ಹೆಚ್ಚಿನವರು ಲೋಕಲ್ ಟ್ರೇನಿನ ಕಿಟಕಿಯನ್ನೇ ತಂದಿದ್ದರು. ಭಾಸ್ಕರಣ್ಣ ಒಂದೊಂದೇ ಲೋಟಕ್ಕೆ ಒರಗಿಸುತ್ತ ಹೋದ. ಲೋಟಗಳು ಮುಗಿದವು, ಚೀಲದಲ್ಲಿ ಇನ್ನೂ ಒಂದು ಕವರು ಉಳಿಯಿತು. ಅವನು ಆಚೀಚೆ ನೋಡಿ, ತುದಿಯಲ್ಲಿ ಕವುಚಿಟ್ಟಿದ್ದ ಲೋಟವನ್ನು ನೆಟ್ಟಗೆ ಮಾಡಿ, ಆ ಫೋಟೊವನ್ನು ಅದಕ್ಕೆ ಒರಗಿಸಿದ.

ಅದು ನನ್ನ ಅಡುಗೆಮನೆ. ಕಿಟಕಿಯ ಬಿಸಿಲು ಸಿಂಕಿನ ಮೇಲೆ ಬಿದ್ದಿದೆ. ಫೋಟೊದ ಒಂದು ಮೂಲೆಯಲ್ಲಿ, ತಲೆ ತಗ್ಗಿಸಿ ಪಾತ್ರೆ ತೊಳೆಯುತ್ತ, ನಾನು. ನೈಟಿಯ ಮೇಲೆ ನಮ್ಮವರ ಹಳೆಯ ಚೌಕುಳಿ ಅಂಗಿ ಹಾಕಿಕೊಂಡಿದ್ದೇನೆ. ಉಳಿದದ್ದೆಲ್ಲ ಖಾಲಿ ಗೋಡೆ, ಗೋಡೆಯ ಮೇಲೆ ಹಾರ ಹಾಕಿದ ಪ್ಯಾನ್ ಕಾರ್ಡಿನ ಮುಖ.

ಮೊದಲು ಬಂದದ್ದು ಭಯವಲ್ಲ, ನಾಚಿಕೆ. ಅವರು ಹೋದ ಮೇಲೆ ಆ ಅಂಗಿಯನ್ನು ನಾನು ಹಾಕಿಕೊಳ್ಳುತ್ತಿದ್ದೆ, ನಿಜ. ಒಬ್ಬಳೇ ಇದ್ದಾಗ, ಬಾಗಿಲು ಹಾಕಿಕೊಂಡು. ಮಗಳಿಗೂ ಗೊತ್ತಿರಲಿಲ್ಲ. ಅಂಗಿ ಬಿಚ್ಚಿ ಮಡಚಿಟ್ಟ ಮೇಲೆಯೇ ಬಾಗಿಲು ತೆಗೆಯುತ್ತಿದ್ದೆ. ಕೈಯಲ್ಲಿದ್ದ ಬೀಜ ಬೆವರಿನಲ್ಲಿ ಒದ್ದೆಯಾಯಿತು. ಆಮೇಲೆ ತಿಳಿಯಿತು, ಫೋಟೊ ತೆಗೆದದ್ದು ಹೊರಗಿನಿಂದಲ್ಲ. ಮನೆಯೊಳಗಿನ ಹಾಲ್‌ನಿಂದ, ಅವರು ಕೂರುತ್ತಿದ್ದ ಕುರ್ಚಿಯ ಜಾಗದಿಂದ.

ಎಲ್ಲರಿಗೂ ಆ ಕೈ ಗೊತ್ತಿತ್ತು. ನಮ್ಮವರು ಮುಖ್ಯವಾದದ್ದನ್ನು ಯಾವಾಗಲೂ ಮೂಲೆಗೆ ತಳ್ಳಿ ಉಳಿದ ಜಾಗವನ್ನು ಖಾಲಿ ಬಿಡುವವರು. "ಈ ಇಕ್ಕಟ್ಟಿನ ಡೊಂಬಿವಲಿಯಲ್ಲಿ ಇಷ್ಟು ಜಾಗ ಖಾಲಿ ಬಿಡುವವರು ನೀವೊಬ್ಬರೇ ಸ್ವಾಮೀ" ಎಂದು ಬಳಗದವರು ತಮಾಷೆ ಮಾಡುತ್ತಿದ್ದರಂತೆ. ಒಬ್ಬೊಬ್ಬರಾಗಿ ಎದ್ದುಹೋಗಿ ಆ ತುದಿಯ ಲೋಟಕ್ಕೇ ಬೀಜ ಹಾಕಿದರು. ಖಣ್ ಖಣ್ ಎಂದು ಬೀಳುವ ಸದ್ದು ಮಾತ್ರ ಕೇಳುತ್ತಿತ್ತು. ಕೊನೆಗೆ ನಾನೂ ಹಾಕಿದೆ.

"ಯಾರದ್ದು ಮಾರಾಯ್ರೆ ಇದು? ಏಳಿ" ಎಂದ ಭಾಸ್ಕರಣ್ಣ. ಯಾರೂ ಏಳಲಿಲ್ಲ. "ಕೋಣಾಚಾ ಆಹೆ?" ಎಂದು ಮರಾಠಿಯಲ್ಲೂ ಕೇಳಿದ. ಪ್ರತಿಯೊಬ್ಬರೂ ತಮ್ಮ ತಮ್ಮ ಫೋಟೊ ತೋರಿಸಿದರು, ಅದೊಂದು ಹೆಚ್ಚಿಗೆ ಉಳಿಯಿತು. "ಅಂಕಲ್, ಸಬ್‌ಕಾ ಹೋ ಗಯಾ. ಯೇ ಏಕ್ ಜ್ಯಾದಾ ಹೈ" ಎಂದಳು ಸ್ನೇಹಾ, ಅಳುತ್ತಿದ್ದಳು.

ಗೆದ್ದವರು ಎದ್ದುನಿಂತು ಹೇಳಬೇಕು ಎಂಬುದು ಬಳಗದ ನಿಯಮ. ನಾನೇ ಎದ್ದೆ. ಏನು ಹೇಳಬೇಕೆಂದು ಯೋಚಿಸಿರಲಿಲ್ಲ, ಬಾಯಿಗೆ ಬಂದದ್ದು ಒಂದೇ ಮಾತು.

"ಬೆಳಕು ಸರಿ ಬಂತು ಅಂತ ಕಾಣ್ತದೆ."

ಅಷ್ಟು ಹೇಳಿ ಕೂತುಬಿಟ್ಟೆ. ಅವರು ಹೋದ ದಿನ ಬಾರದ ಅಳು ಅವತ್ತು ಬಂತು, ಅಷ್ಟೂ ಜನರ ಎದುರಿಗೆ. ಅಂದು ಗೋಳಿಬಜೆ ಯಾರೂ ತಿನ್ನಲಿಲ್ಲ. ಕ್ಯಾಮೆರಾವನ್ನು ಯಾರಿಗೂ ಕೊಡದೆ ವಾಪಸು ತಂದೆ.

ನಾನು ಸುಮ್ಮನೆ ಬಿಡುವವಳಲ್ಲ, ಎಲ್ಲ ಬಗೆಯಲ್ಲೂ ಯೋಚಿಸಿ ನೋಡಿದ್ದೇನೆ. ಅವರ ಕ್ಯಾಮೆರಾದಲ್ಲಿ ಬ್ಯಾಟರಿಯೇ ಇರಲಿಲ್ಲ, ಊದಿಕೊಂಡಿದೆಯೆಂದು ನಾನೇ ಎಸೆದಿದ್ದೆ. ಮನೆಯ ಇನ್ನೊಂದು ಬೀಗದಕೈ ಇರುವುದು ಪುಣೆಯಲ್ಲಿರುವ ಮಗಳ ಹತ್ತಿರ ಮಾತ್ರ. ಅವಳೇ ಬಂದು ಕಾಣದ ಹಾಗೆ ತೆಗೆದಳೇ ಎಂದು ಫೋನು ಮಾಡಿ ಕೇಳಿದೆ, ಅಂಗಿಯ ವಿಷಯವನ್ನೂ ಹೇಳಬೇಕಾಯಿತು. "ಅಮ್ಮಾ, ನೀನು ಪಪ್ಪನ ಅಂಗಿ ಹಾಕ್ಕೊಳ್ತೀಯಾ?" ಎಂದು ಕೇಳಿ ಅವಳೂ ಅತ್ತಳು. ಚೀಲಕ್ಕೆ ಆ ಕವರು ಹಾಕಿದವರನ್ನು ಹೋಟೆಲಿನಲ್ಲಿ ಯಾರೂ ಕಂಡಿಲ್ಲ. ಬಳಗದವರು ಫೋಟೊ ಪ್ರಿಂಟು ಹಾಕಿಸುವ ಕಲ್ಯಾಣದ ಸ್ಟುಡಿಯೊದವನೂ ತಾನು ಹಾಕಿದ್ದಲ್ಲ ಎಂದ. ಯಾರಾದರೂ ಕಾರಣ ಹೇಳಿದರೆ ಇವತ್ತೂ ಕೇಳಲು ತಯಾರಿದ್ದೇನೆ. ಹೇಳದಿದ್ದರೆ ಒಳ್ಳೆಯದು ಎಂದೂ ಒಮ್ಮೊಮ್ಮೆ ಅನಿಸುತ್ತದೆ.

ಆ ಫೋಟೊ ಈಗ ನನ್ನ ದಿಂಬಿನ ಪಕ್ಕದಲ್ಲಿದೆ. ಬೆಳಿಗ್ಗೆ ಸಿಂಕಿನ ಮೇಲೆ ಬಿಸಿಲು ಬೀಳುವ ಹೊತ್ತಿಗೆ ನಾನು ತಲೆ ಬಾಚಿ, ಅಂಗಿ ಹಾಕಿಕೊಂಡು ಅಲ್ಲಿಗೆ ಹೋಗಿ ನಿಲ್ಲುತ್ತೇನೆ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತೇನೆ. ತಿರುಗಿ ಮಾತ್ರ ನೋಡುವುದಿಲ್ಲ. ತಿರುಗಿದರೆ ಅಲ್ಲಿ ಖಾಲಿ ಕುರ್ಚಿಯೇ ಇರುತ್ತದೆಂದು ನನಗೆ ಗೊತ್ತು.