ಬೆಂಗಳೂರಿನ ಹತ್ತು ನಿಮಿಷ

ಎರಡು ಸಾವಿರದ ಆರೇಳರ ಹೊತ್ತಿಗೆ ಬಂಟ್ವಾಳದಲ್ಲಿ ನನ್ನದೊಂದು ಮೊಬೈಲ್ ಅಂಗಡಿ ಇತ್ತು. ಕವರ್, ಚಾರ್ಜರ್, ಕರೆನ್ಸಿ ಮಾರುವವರು ಬೀದಿ ತುಂಬ ಇದ್ದರೂ ನನಗೆ ಮಾತ್ರ ಸ್ವಲ್ಪ ಧಿಮಾಕು. ಯಾಕೆಂದರೆ ನಾನು ಮಾರುತ್ತಿದ್ದ ಒಂದು ವಸ್ತು ನಾವೇ ಮಾಡಿದ್ದು: ಐದು ಹೊತ್ತಿನ ನಮಾಜಿನ ಸಮಯ ತೋರಿಸಿ, ಹೊತ್ತಾದಾಗ ಬಾಂಗ್ ಕೇಳಿಸುವ ಪ್ರೋಗ್ರಾಂ.

ಬರೆದವನು ನನ್ನ ಗೆಳೆಯ. ಅಳದಂಗಡಿಯವನು, ಮೂಡುಬಿದಿರೆಯಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದ. ಕೃಷ್ಣಾಷ್ಟಮಿಗೆ ಬಿಟ್ಟರೆ ಒಂದು ದಿನವೂ ಹಸಿದು ಕೂರದ ಆಸಾಮಿ, ನಾನು ಮಸೀದಿಗಳಿಂದ ತಂದ ಸಮಯದ ಪಟ್ಟಿಗಳನ್ನು ಹರಡಿಕೊಂಡು ತೋಡಾರಿಗೆ ಬೇರೆ, ನಾರಾವಿಗೆ ಬೇರೆ ಎಂದು ಲೆಕ್ಕ ಹಾಕಿದ. ಮೊದಲು ಅದನ್ನು ಹಾಕಿಕೊಟ್ಟದ್ದು ನನ್ನ ದೊಡ್ಡಮ್ಮನ ಫೋನಿಗೆ. ಅವರ ಮನೆ ನಾರಾವಿಯಿಂದ ಒಳಗೆ. ಅಲ್ಲಿಗೆ ಯಾವ ಮಸೀದಿಯ ಬಾಂಗೂ ಕೇಳುವುದಿಲ್ಲ. ಪಡುವಣಕ್ಕೆ ಗುಡ್ಡ ಅಡ್ಡ ಇರುವುದರಿಂದ ಸೂರ್ಯ ಮುಳುಗಿದ್ದೂ ಕಾಣುವುದಿಲ್ಲ.

ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಗಲ್ಫಿನಿಂದ ಬಂದವರ ಕೈಯಲ್ಲಿ ಹೊಸ ಸೆಟ್ಟುಗಳು ಕಾಣಿಸಿಕೊಂಡವು. ಅವುಗಳಲ್ಲಿ ನಮಾಜಿನ ಸಮಯವನ್ನು ಕಂಪೆನಿಯವರೇ ಹಾಕಿ ಕಳಿಸಿದ್ದರು, ಪುಕ್ಕಟೆ. ನಮ್ಮದನ್ನು ಅದೇ ಸೆಟ್ಟಿಗೆ ಹಾಕಿದರೆ, ಪ್ರತಿ ಸಲ ತೆರೆಯುವಾಗಲೂ ಇದು ನಂಬಿಕಸ್ಥ ಪ್ರೋಗ್ರಾಂ ಅಲ್ಲ, ಮುಂದುವರಿಯಬೇಕೇ ಎಂದು ಫೋನೇ ಕೇಳುತ್ತಿತ್ತು. ಆ ಮಾತು ಬಾರದಿರಲು ಹೊರದೇಶದಿಂದ ಪ್ರತಿ ವರ್ಷ ಸರ್ಟಿಫಿಕೇಟ್ ಕೊಳ್ಳಬೇಕಿತ್ತು. ಅಷ್ಟು ಗತಿ ನಮಗಿರಲಿಲ್ಲ. ಗಿರಾಕಿಗಳು ಆ ಪರದೆ ನೋಡಿ ನನ್ನ ಮುಖ ನೋಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಗೆಳೆಯ ಶಾಲೆಗಳಿಗೆ ಟೈಮ್ ಟೇಬಲ್ ಮಾಡುವ ಪ್ರೋಗ್ರಾಮಿನ ಕಡೆ ತಿರುಗಿದ. ನಾನು ಇನ್ನೊಂದು ದಾರಿ ಹಿಡಿದೆ. ಕಂಪೆನಿಯದನ್ನೇ ಗಿರಾಕಿಗಳಿಗೆ ಸರಿ ಮಾಡಿಕೊಟ್ಟು ಇಪ್ಪತ್ತು ರೂಪಾಯಿ ತೆಗೆದುಕೊಳ್ಳತೊಡಗಿದೆ. ಅದರ ಪಟ್ಟಿಯಲ್ಲಿ ಮಂಗಳೂರೇ ಇರಲಿಲ್ಲ, ಮತ್ತೆ ನಾರಾವಿ ಎಲ್ಲಿಂದ ಬರಬೇಕು? ಹತ್ತಿರದ್ದೆಂದು ಬೆಂಗಳೂರು ಒತ್ತುತ್ತಿದ್ದೆ.

ಒಂದು ದಿನ ಅಂಗಡಿಗೆ ಬಂದ ಗೆಳೆಯ ಅದನ್ನು ನೋಡಿದ.

"ಬೆಂಗಳೂರಲ್ಲಿ ಸೂರ್ಯ ಹತ್ತು ನಿಮಿಷ ಮೊದಲು ಮುಳುಗ್ತಾನೆ ಮಾರಾಯ. ಇವರು ಉಪವಾಸ ಬಿಡುವಾಗ ಇಲ್ಲಿ ಬಿಸಿಲು ಇರ್ತದೆ."

"ಎಲ್ಲರಿಗೂ ಮಸೀದಿಯ ಬಾಂಗ್ ಕೇಳ್ತದಲ್ಲ," ಎಂದೆ.

"ಕೇಳದವರೂ ಇದ್ದಾರೆ. ಅವರಿಗೋಸ್ಕರವೇ ಅಲ್ವಾ ನಾವು ಮಾಡಿದ್ದು?"

ಚಹಾ ತರಿಸಿದೆ, ಅವನು ಹೋದ ಮೇಲೆ ಮತ್ತೆ ಬೆಂಗಳೂರೇ ಒತ್ತಿದೆ. ಗೊತ್ತಿಲ್ಲದೆ ಮಾಡಿದೆ ಎಂದು ಹೇಳುವ ಹಕ್ಕು ಆ ಹೊತ್ತಿಗೇ ನನ್ನ ಕೈಬಿಟ್ಟಿತ್ತು.

ರಂಝಾನ್ ಬಂತು. ಹನ್ನೊಂದನೆಯ ದಿನ ಇಫ್ತಾರಿಗೆ ದೊಡ್ಡಮ್ಮನ ಮನೆಗೆ ಹೋದೆ. ಜಗಲಿಯಲ್ಲಿ ಖರ್ಜೂರ, ನೀರು, ಗಂಜಿ ಇಟ್ಟುಕೊಂಡು ಕಾಯುತ್ತಿದ್ದರು. ಅವರ ಮಡಿಲಲ್ಲಿದ್ದ ಹೊಸ ಫೋನಿನಿಂದ ಬಾಂಗ್ ಬಂತು. ದುವಾ ಹೇಳಿ ಒಂದು ಖರ್ಜೂರ ತಿಂದು ಇನ್ನೊಂದು ಬಾಯಿಗಿಟ್ಟುಕೊಂಡರು. ನನ್ನ ಫೋನು ಸುಮ್ಮನೆ ಇತ್ತು. ಅದರಲ್ಲಿದ್ದದ್ದು ನಮ್ಮ ಪ್ರೋಗ್ರಾಂ.

ಆಗ ನೆನಪಾಯಿತು. ಸೌದಿಯಿಂದ ಬಂದ ದೊಡ್ಡಮ್ಮನ ಮಗ, ಅಂಗಡಿ ತುಂಬ ಜನ ಇದ್ದಾಗ, "ಉಮ್ಮನಿಗೆ, ಸ್ವಲ್ಪ ಸೆಟ್ ಮಾಡಿ ಕೊಡು" ಎಂದು ಒಂದು ಫೋನ್ ಕೊಟ್ಟಿದ್ದ. ಬೆರಳು ತನ್ನಷ್ಟಕ್ಕೆ ಬೆಂಗಳೂರು ಒತ್ತಿತ್ತು.

"ನೀನ್ಯಾಕೆ ತಿನ್ನುದಿಲ್ಲ?"

ಕೈಯಲ್ಲಿದ್ದ ಖರ್ಜೂರ ಹಾಗೇ ಇತ್ತು. ಸುಳ್ಳು ಹೇಳುವ ಎಂದೂ ಒಂದು ಕ್ಷಣ ಅನಿಸಿತು. ಇಂದಿಗೂ ಅದಕ್ಕೆ ನನಗೆ ನಾಚಿಕೆ ಉಂಟು.

"ದೊಡ್ಡಮ್ಮ, ಇನ್ನೂ ಹೊತ್ತಾಗ್ಲಿಲ್ಲ. ಇದು ಬೆಂಗಳೂರಿನ ಸಮಯ. ಹಾಕಿದ್ದು ನಾನೇ."

ಬಾಯಲ್ಲಿದ್ದದ್ದನ್ನು ಅಂಗಳಕ್ಕೆ ಉಗಿದು ಬಾಯಿ ಮುಕ್ಕಳಿಸಿದರು. ಬೈಯುತ್ತಾರೆ ಎಂದು ಕಾದೆ, ಬೈಯಲಿಲ್ಲ. ಬೆರಳು ಮಡಚಿ ಹನ್ನೊಂದರವರೆಗೆ ಎಣಿಸಿದರು. ಹೊತ್ತಿಗೆ ಮೊದಲೇ ಬಿಟ್ಟ ಉಪವಾಸ ಲೆಕ್ಕಕ್ಕೆ ಬರುವುದಿಲ್ಲ. ಸಕ್ಕರೆ ಕಾಯಿಲೆಯ ಆ ಹೆಂಗಸು, ಡಾಕ್ಟರು ಬೇಡವೆಂದರೂ ಕೇಳದೆ ಹಿಡಿದ ಹನ್ನೊಂದು ಉಪವಾಸಗಳನ್ನು ಇನ್ನೊಮ್ಮೆ ಹಿಡಿಯಬೇಕಿತ್ತು.

"ನನ್ನದು ಹಿಡಿದು ಮುಗಿಸ್ತೇನೆ. ಬೇರೆ ಎಷ್ಟು ಜನರಿಗೆ ಹೀಗೆ ಹಾಕಿ ಕೊಟ್ಟಿದ್ದಿ?" ಎಂದು ಕೇಳಿದರು.

ಹತ್ತು ನಿಮಿಷ ಆದ ಮೇಲೆ ನನ್ನ ಫೋನು ಕೂಗಿತು. ಇಬ್ಬರೂ ನೀರು ಕುಡಿದೆವು.

ಆ ಶುಕ್ರವಾರ ಬಂಟ್ವಾಳದ ಮಸೀದಿಯಲ್ಲಿ ಜುಮಾ ನಮಾಜು ಮುಗಿದ ಮೇಲೆ ಉಸ್ತಾದರ ಅನುಮತಿ ಕೇಳಿ ಎದ್ದುನಿಂತೆ. ಅಂಗಡಿ ಮುಚ್ಚಿಹೋದರೂ ಹೋಗಲಿ ಎಂದು ಇದ್ದದ್ದು ಇದ್ದ ಹಾಗೆ ಹೇಳಿದೆ. ಮುಂದಿನ ಶುಕ್ರವಾರ ಬೆಳ್ತಂಗಡಿ, ಅದರ ಮುಂದಿನದು ಮೂಡುಬಿದಿರೆ. ಕೆಲವರು ಮುಖಕ್ಕೇ ಉಗಿದ ಹಾಗೆ ಬೈದರು, ಕೆಲವರು ಫೋನು ಚಾಚಿದರು. ಹಬ್ಬದವರೆಗೆ ಹದಿನೇಳು ಮಂದಿ ಸರಿ ಮಾಡಿಸಿಕೊಳ್ಳಲು ಬಂದರು. ಆದರೆ ಶುಕ್ರವಾರ ಮಸೀದಿಗೆ ಬಂದವರು ಬಾಂಗ್ ಕೇಳುವಷ್ಟು ಹತ್ತಿರದವರು. ಕೇಳದಷ್ಟು ದೂರದ ಮನೆಗಳಲ್ಲಿ, ಮಡಿಲಲ್ಲಿ ಫೋನ್ ಇಟ್ಟುಕೊಂಡು ಕಾಯುತ್ತಿದ್ದ ಹೆಂಗಸರು ಎಷ್ಟು ಜನ, ಯಾರ್ಯಾರು ಎಂದು ನನಗೆ ಇಂದಿಗೂ ಗೊತ್ತಿಲ್ಲ.